ತಿದಿ ಇಲ್ಲದ ಪೇಟಿ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಒಂದು ಕೆಟ್ಟ ಚಾಳಿ ಇದೆ. ಹಿನ್ನೀರಿನ ಕಡೆಯಿಂದ ಗಾಳಿ ಎದ್ದಿತೆಂದರೆ ಯಾರ ಮೇಲೋ ಸಿಟ್ಟಾದವರ ಹಾಗೆ ಧಡಾರೆಂದು ಬಡಿದುಕೊಳ್ಳುತ್ತದೆ. ಅದನ್ನು ತಡೆಯಲು ನಾವು ಇಟ್ಟಿರುವುದು ಕಲ್ಲಲ್ಲ, ಇಟ್ಟಂಗಿಯಲ್ಲ. ಗೇಣಗಲದ ಒಂದು ಸಾಗವಾನಿ ಹಲಗೆ. ಒಂದು ಕಾಲಕ್ಕೆ ಅದರ ಮೇಲೆ ಕೆಂಪು ಜಮಖಾನೆಯ ತುಂಡನ್ನು ಮೊಳೆ ಹೊಡೆದು ಕೂರಿಸಿದ್ದರು. ಈಗ ಮೊಳೆಗಳಷ್ಟೇ ಉಳಿದಿವೆ. ನಡುವೆ, ಪಾದ ಬೀಳುವ ಕಡೆ, ಮರ ತುಸು ತಗ್ಗಾಗಿದೆ. ಬಂದವರೆಲ್ಲ ಅದಕ್ಕೆ ಎಡವುತ್ತಾರೆ. ಎಡವಿದವರೆಲ್ಲ "ಇದೇನ್ರಿ ಇದು?" ಎನ್ನುತ್ತಾರೆ. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದಲೇ ಹೇಳಿಬಿಡುತ್ತಾಳೆ:

"ಅದು ನಮ್ಮ ಮಾವನೋರ ಪಾದುಕಾ ಐತ್ರಿ. ನಮಸ್ಕಾರ ಮಾಡಿ ಒಳಗ ಬರ್ರಿ."

ಚೇಷ್ಟೆ ಮಾಡುತ್ತಾಳೆ, ಆದರೆ ಪೂರಾ ಸುಳ್ಳನ್ನೇನೂ ಹೇಳುವುದಿಲ್ಲ. ಅದು ನಮ್ಮಪ್ಪನ ಕಾಲ್ಪೇಟಿಯ ಬಲಗಡೆಯ ಕಾಲುಹಲಗೆ.

ಕಾಲ್ಪೇಟಿ ಕಂಡಿರದವರಿಗೆ ಒಂದೆರಡು ಮಾತು ಹೇಳಬೇಕು. ಭಜನೆಯಲ್ಲಿ ನೀವು ನೋಡಿರುವ ಹಾರ್ಮೋನಿಯಂ ಕೈಪೇಟಿ. ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಿಂದ ತಿದಿ ಒತ್ತಿ ಗಾಳಿ ತುಂಬುತ್ತ, ಬಲಗೈ ಒಂದರಿಂದಲೇ ಬಾರಿಸಬೇಕು. ಕಾಲ್ಪೇಟಿ ಹಾಗಲ್ಲ. ಮೇಜಿನಷ್ಟು ಎತ್ತರ, ಕುರ್ಚಿಯ ಮೇಲೆ ಕೂತು ನುಡಿಸುವ ಗತ್ತು. ಕೆಳಗಿನ ಎರಡು ಹಲಗೆಗಳನ್ನು ಕಾಲಿನಿಂದ ಒಂದಾದ ಮೇಲೊಂದು ತುಳಿದರೆ ಗಾಳಿ ತುಂಬುತ್ತದೆ. ಎರಡೂ ಕೈ ಬಿಡುವಾಗುತ್ತವೆ. ಎರಡು ಕೈಯ ಸುಖ ಉಂಡವರು ಮತ್ತೆ ಒಂದು ಕೈಗೆ ಬರುವುದು ಕಷ್ಟ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಪ್ಪ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ. ಸುಗ್ಗಿ ಮುಗಿದು ಹಳ್ಳಿಯವರಿಗೆ ನಾಟಕದ ಹುಚ್ಚು ಹತ್ತಿತೆಂದರೆ ನೇಕಾರ ಹೋಗಿ ಪೇಟಿ ಮಾಸ್ತರನಾಗುತ್ತಿದ್ದ. ಹುನಗುಂದದ ಸುತ್ತಲಿನ ಹಳ್ಳಿಗಳವರು ಚಕ್ಕಡಿ ಹೂಡಿಕೊಂಡು ಬಂದು, ಅಪ್ಪನನ್ನೂ ಕಾಲ್ಪೇಟಿಯನ್ನೂ ಹುಲ್ಲಿನ ಮೇಲೆ ಅಕ್ಕಪಕ್ಕ ಕೂರಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ತಿಂಗಳುಗಟ್ಟಲೆ ತಾಲೀಮು. ಒಂದು ಊರಿನಲ್ಲಿ ರಾಜನ ಪಾತ್ರ ಕಟ್ಟಿದ ಗೌಡರು ಪೇಟಿ ಯಾವ ಶ್ರುತಿ ಕೊಟ್ಟರೂ ತಮ್ಮದೇ ಶ್ರುತಿಯಲ್ಲಿ ಹೊರಟುಬಿಡುತ್ತಿದ್ದರಂತೆ. ನಾಲ್ಕು ದಿನ ತಿದ್ದಿ ನೋಡಿದ ಅಪ್ಪ ಐದನೆಯ ದಿನ ಕೈಮುಗಿದು, "ಗೌಡ್ರ, ನೀವು ಮುಂದ ನಡೀರಿ. ನಾ ಪೇಟಿ ಹೊತ್ಕೊಂಡು ಹಿಂದಿಂದ ಬರ್ತೇನಿ" ಅಂದನಂತೆ. ಗೌಡರು ಇದನ್ನು ಮರ್ಯಾದೆಯೆಂದೇ ತಿಳಿದರು.

ಅಪ್ಪನ ವಿದ್ಯೆ ನನಗೆ ಬರಲಿಲ್ಲ. ಬಂದದ್ದು ಅಕ್ಕ ನೀಲವ್ವನಿಗೆ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಹತ್ತು ವರ್ಷದ ಹುಡುಗಿಯ ಎರಡೂ ಕೈ ಕಾಲ್ಪೇಟಿಯ ಮೇಲೆ ಓಡುತ್ತಿದ್ದವು, ಆದರೆ ಕಾಲು ಮಾತ್ರ ಹಲಗೆಗೆ ನಿಲುಕುತ್ತಿರಲಿಲ್ಲ. ಅದಕ್ಕೆ ಅಪ್ಪ ಕಂಡುಕೊಂಡ ಉಪಾಯವೇ ನಾನು. ಆರು ವರ್ಷದ ನನ್ನನ್ನು ಪೇಟಿಯ ಕೆಳಗೆ ಕೂರಿಸಿ, ಎರಡೂ ಹಲಗೆಗಳನ್ನು ಕೈಯಿಂದ ಒತ್ತಲು ಹಚ್ಚಿದ.

ಈ ಲೋಕದಲ್ಲಿ ಸಂಗೀತವನ್ನು ಮುಂದೆ ಕೂತು ಕೇಳಿದವರಿದ್ದಾರೆ, ದೂರ ನಿಂತು ಕೇಳಿದವರಿದ್ದಾರೆ. ಕೆಳಗೆ ಕೂತು ಕೇಳಿದವನು ನಾನೊಬ್ಬನೇ ಇರಬೇಕು. ಅಲ್ಲಿ ಚರ್ಮದ್ದೂ ಎಣ್ಣೆಯದ್ದೂ ಸೇರಿದ ಒಂದು ವಾಸನೆ. ಕಣ್ಣೆದುರು ಅಕ್ಕನ ಕಾಲ್ಗೆಜ್ಜೆ, ಮೊಣಕಾಲಿನ ಮೇಲೊಂದು ಒಣಗಿದ ಗಾಯ. ತಲೆಯ ಮೇಲೆ ಹಾಡು. ಹಾಡಿಗಿಂತ ಹತ್ತಿರದಲ್ಲಿ ತಿದಿಯ ಉಸಿರು, ದೊಡ್ಡ ಎಮ್ಮೆಯೊಂದು ಪಕ್ಕದಲ್ಲಿ ಮಲಗಿ ನಿಟ್ಟುಸಿರು ಬಿಟ್ಟ ಹಾಗೆ. ನಾನು ಜೋರಾಗಿ ಒತ್ತಿದರೆ ಹಾಡು ಉಬ್ಬುತ್ತಿತ್ತು, ಮೆತ್ತಗೆ ಒತ್ತಿದರೆ ಸೊರಗುತ್ತಿತ್ತು. ಹಾಡೆಂಬುದು ನನ್ನ ಕೈಯಿಂದಲೇ ಹುಟ್ಟುತ್ತದೆಂದು ಬಹಳ ದಿನ ನಂಬಿದ್ದೆ. ಸಾಲಿಯಲ್ಲಿ ಗೆಳೆಯರ ಮುಂದೆ ಹಾಗೇ ಹೇಳಿಕೊಂಡೂ ಇದ್ದೆ.

ನಡುನಡುವೆ ಅಕ್ಕ ಮೇಲಿನಿಂದ ಕೇಳುತ್ತಿದ್ದಳು: "ದಣದ್ಯೇನೋ?"

ಹೂಂ ಅಂದರೆ ಹಾಡು ಮುಗಿಯಿತು. ಆ ಕ್ಷಣವೇ ಮುಚ್ಚಳ ಹಾಕಿಬಿಡುತ್ತಿದ್ದಳು. ಖರೆ ಹೇಳಬೇಕೆಂದರೆ, ನಾನು ದಣಿಯುತ್ತಿದ್ದುದು ಕಡಿಮೆ. ಓಣಿಯಲ್ಲಿ ಗೋಲಿಯ ಸಪ್ಪಳ ಕೇಳಿದಾಗಲೆಲ್ಲ ನನಗೆ ದಣಿವಾಗುತ್ತಿತ್ತು. ಎಷ್ಟೋ ಸಂಜೆ ಅವಳ ಹಾಡು ಅರ್ಧಕ್ಕೆ ನಿಂತದ್ದು ಹಾಗೆ. ಅವಳಿಗೆ ಗೊತ್ತಿರಲಿಲ್ಲವೆಂದು ಆಗ ಅಂದುಕೊಂಡಿದ್ದೆ.

ಎರಡು ವರ್ಷದಲ್ಲಿ ಅವಳ ಕಾಲು ಹಲಗೆಗೆ ನಿಲುಕಿತು. ನನ್ನ ನೌಕರಿ ಹೋಯಿತು. ಗೋಲಿ ಆಡಲು ಪೂರ್ತಿ ಸಂಜೆ ಸಿಕ್ಕಿತು, ಆದರೆ ಆಟದಲ್ಲಿ ಮೊದಲಿನ ರುಚಿ ಇರಲಿಲ್ಲ. ಅದು ಯಾಕೆಂದು ಈಗ ಕೇಳಿದರೆ ಹೇಳಬಲ್ಲೆ. ಆಗ ಯಾರೂ ಕೇಳಲಿಲ್ಲ.

ಅಕ್ಕನನ್ನು ಇಳಕಲ್ಲಿನಲ್ಲೇ, ಎರಡು ಓಣಿ ಆಚೆಯ ನೇಕಾರರ ಮನೆಗೆ ಕೊಟ್ಟರು. ಅಪ್ಪ ಪಾತ್ರೆ ಪಡಗದ ಜೊತೆಗೆ ಕಾಲ್ಪೇಟಿಯನ್ನೂ ಕಳಿಸಿದ. ಅವಳ ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, "ಇದು ಏನ ತಿಂತೈತಿ?" ಎಂದು ಕೇಳಿದಳಂತೆ. "ಗಾಳಿ ತಿಂತೈತ್ರಿ ಅತ್ತಿ" ಎಂದಳು ಅಕ್ಕ. "ಹಂಗಾದ್ರ ಇರ್ಲಿ ಬಿಡು" ಎಂದು ಅತ್ತೆ ಒಪ್ಪಿದಳು.

ಹಗಲೆಲ್ಲ ಅಕ್ಕ ಕುಣಿಮಗ್ಗದ ತಗ್ಗಿನಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದಳು. ಆ ಮಗ್ಗಕ್ಕೂ ಕಾಲಿನಿಂದ ತುಳಿಯುವ ಹಲಗೆಗಳಿರುತ್ತವೆ. ಇಳಿಹೊತ್ತಿಗೆ ಕುಣಿಯಿಂದ ಎದ್ದವಳು ನೇರ ಪೇಟಿಗೆ ಹೋಗುತ್ತಿದ್ದಳು. "ದಿನಾಪೂರ್ತಿ ತುಳದೀದಿ, ಮತ್ತ ಇದನ್ನೂ ತುಳೀತಿಯಲ್ಲಬೇ" ಎಂದರೆ, "ಅದನ್ನ ತುಳದ ದಣಿವು ಇದನ್ನ ತುಳದ್ರ ಹೋಗತೈತಿ" ಎನ್ನುತ್ತಿದ್ದಳು. ಹೀಗೆ ನಲವತ್ತು ವರ್ಷ ಎರಡು ಕಡೆ ತುಳಿದ ಮೊಣಕಾಲುಗಳು ಒಂದು ದಿನ ಎರಡೂ ಕಡೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟವು. ಈಗ ಅವಳು ನೆಲಕ್ಕೆ ಕೂರಲಾರಳು, ಕೋಲಿಲ್ಲದೆ ನಡೆಯಲಾರಳು.

ಇನ್ನು ನನ್ನ ತಪ್ಪಿನ ಮಾತು. ಐದಾರು ವರ್ಷದ ಹಿಂದೆ ಅವಳ ಮಗ ಮನೆಯ ಮಾಳಿಗೆ ತೆಗೆಸಿ ಹೊಸದು ಹಾಕಿಸುವಾಗ, ಕಾಲ್ಪೇಟಿಯನ್ನು ಆರು ತಿಂಗಳ ಮಟ್ಟಿಗೆ ನಮ್ಮ ಮನೆಗೆ ಕಳಿಸಿದರು. ನಾನು ಅದನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗೋಡೆಗೆ ಹಚ್ಚಿ ಇಟ್ಟೆ. ಮೇಲೊಂದು ಚಾದರ ಹೊದಿಸಿದೆ, ಅದರ ಮೇಲೆ ಶೇಂಗಾ ಚೀಲ ಇಟ್ಟೆ, ಮತ್ತು ಮರೆತೆ. ಆರು ತಿಂಗಳು ಎರಡು ವರ್ಷವಾಯಿತು. ಚಾದರ ಎತ್ತಿದಾಗ ಪೇಟಿ ಪೇಟಿಯ ಆಕಾರದಲ್ಲೇ ನಿಂತಿತ್ತು; ಕೈ ಇಟ್ಟರೆ ಬೆರಳು ಒಳಗೆ ಹೋಯಿತು. ಪೂರಾ ಗೆದ್ದಲು, ನಮ್ಮ ಕಡೆಯ ಮಾತಿನಲ್ಲಿ ಒರಲಿ. ಗಟ್ಟಿಯಾಗಿ ಉಳಿದದ್ದು ಈ ಒಂದು ಕಾಲುಹಲಗೆ. ಎರಡು ತಲೆಮಾರಿನ ಪಾದದ ಬೆವರು ಕುಡಿದ ಮರ ಗೆದ್ದಲಿಗೆ ರುಚಿಸಲಿಲ್ಲವೋ ಏನೋ.

ಅಕ್ಕನಿಗೆ ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಇಳಕಲ್ಲಿಗೆ ಹೋಗಿ ಎದುರಿಗೆ ಕೂತು ಹೇಳಿದೆ.

"ಹೋಗ್ಲಿ ಬಿಡು ತಮ್ಮಾ. ಒರಲಿಗರ ಒಂದೆರಡು ಹಾಡು ಬಂದಿರಬೇಕು."

ಬೈದಿದ್ದರೆ ಚಲೋ ಇತ್ತು.

ಅದಾದ ಮೇಲೆ ಪೇಟಿಯ ಮಾತು ನಮ್ಮಲ್ಲಿ ಬರಲಿಲ್ಲ. ಕಳೆದ ವರ್ಷ ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವಳ ಮನೆಗೆ ಹೋದೆ. ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತಿದ್ದಳು. ಮೇಜಿನ ಮೇಲೆ ಜೋಳದ ಹಿಟ್ಟು ತೆಳ್ಳಗೆ ಹರವಿತ್ತು. ಅದರ ಮೇಲೆ ಅವಳ ಹತ್ತೂ ಬೆರಳು ಓಡುತ್ತಿದ್ದವು. ಸಪ್ಪಳವಿಲ್ಲ. ಕಣ್ಣು ಗೋಡೆಯ ಕಡೆ. ಎಡಗೈ ಒಂದು ಜಾಗದಲ್ಲಿ ನಿಂತು ಕಾಯುತ್ತಿತ್ತು, ಬಲಗೈ ಹೋಗಿ ಬರುತ್ತಿತ್ತು. ನನ್ನನ್ನು ಕಂಡವಳೇ ಎರಡೂ ಅಂಗೈಯಿಂದ ಹಿಟ್ಟು ಬಳಿದು ಗುಡ್ಡೆ ಮಾಡಿ, "ಸುಮ್ನ ಹಿಟ್ಟು ಚೆಲ್ಲಿತ್ತು" ಎಂದಳು. ನಾನು ಏನೂ ಕಾಣದವನಂತೆ ನೀರು ಕೇಳಿದೆ.

ಬಸ್ಸಿನಲ್ಲಿ ತಿರುಗಿ ಬರುವಾಗ ನಿಶ್ಚಯಿಸಿದೆ. ಅಕ್ಕನಿಗೆ ಬಾರಿಸಲು ಏನಾದರೂ ಬೇಕು. ಕೈಪೇಟಿ ಎಲ್ಲ ಕಡೆ ಸಿಗುತ್ತದೆ. ಓಣಿಯ ಭಜನೆಯವರದ್ದನ್ನು ಮೇಜಿನ ಮೇಲಿಟ್ಟು ಅವಳು ಒಮ್ಮೆ ನೋಡಿದ್ದಳು ಕೂಡ. "ಒಂದ ಕೈಲೆ ರೊಟ್ಟಿ ಬಡದಂಗ ಆಗತೈತಿ" ಎಂದು ಹಿಂದಕ್ಕೆ ಕಳಿಸಿದ್ದಳು. ಕಾಲ್ಪೇಟಿ ಹುಡುಕಿ ತಂದರೂ ತುಳಿಯಲು ಕಾಲಿಲ್ಲ. ಎರಡು ಕೈ ಬೇಕು, ಕಾಲು ಬೇಡ, ಕುರ್ಚಿಯ ಮೇಲೆ ಕೂತು ನುಡಿಸುವಂತಿರಬೇಕು. ಹೀಗೆ ಲೆಕ್ಕ ಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಒಂದೇ, ಪಿಯಾನೊ. ಇಳಕಲ್ಲಿನ ನೇಕಾರಿತಿಗೆ ಪಿಯಾನೊ ಎಂದರೆ ನೀವು ನಗಬಹುದು. ನನ್ನ ಹೆಂಡತಿಯೂ ನಕ್ಕಳು. ಆಮೇಲೆ ಒಳಗಿನಿಂದ ನನ್ನ ಹಳೆಯ ಅಳತೆ ಟೇಪು ತಂದು ಕೈಗಿಟ್ಟು, "ಹೊಂಡ್ರಿ" ಎಂದಳು. ನಾನು ಸರ್ವೆ ಇಲಾಖೆಯಲ್ಲಿ ಮೋಜಣಿದಾರನಾಗಿದ್ದವನು. ಹೊಲ ಮನೆ ಅಳೆದೇ ಕೂದಲು ಹಣ್ಣಾದವು. ಟೇಪಿಲ್ಲದೆ ನನಗೆ ಯಾವ ವಿಷಯವೂ ತಲೆಗೆ ಹೋಗುವುದಿಲ್ಲ.

ಪಿಯಾನೊಗಳಲ್ಲಿ ಮೂರು ಜಾತಿ ಎಂದು ನನಗೆ ತಿಳಿದುಬಂದದ್ದು ಹೀಗೆ. ಮಲಗಿದ್ದು, ನಿಂತದ್ದು, ವೇಷ ಹಾಕಿದ್ದು. ಇಂಗ್ಲಿಷಿನವರು ಗ್ರ್ಯಾಂಡ್, ಅಪ್‌ರೈಟ್, ಡಿಜಿಟಲ್ ಎನ್ನುತ್ತಾರೆ.

ಮಲಗಿದ್ದನ್ನು ನಮ್ಮ ಮನೆತನದಲ್ಲಿ ನೋಡಿದವನು ಅಪ್ಪನೊಬ್ಬನೇ. ಹಳೇ ಬಾಗಲಕೋಟೆಯಲ್ಲಿ ಅರಳೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಒಂದು ಗ್ರ್ಯಾಂಡ್ ಪಿಯಾನೊ ಇತ್ತು. ಬ್ರಿಟಿಷರ ಕಾಲದಲ್ಲಿ ಕಲಾದಗಿಯಲ್ಲಿದ್ದ ಯಾರೋ ಸಾಹೇಬ ಬಿಟ್ಟುಹೋದದ್ದಂತೆ. ಅವರ ಮನೆಯಲ್ಲಿ ಅದನ್ನು ಬಾರಿಸುವವರಿಲ್ಲ. ಅದರ ವಿಶಾಲವಾದ ಮುಚ್ಚಳದ ಮೇಲೆ ಪ್ರತಿ ವರ್ಷ ಹಪ್ಪಳ ಸಂಡಿಗೆ ಒಣಗುತ್ತಿದ್ದವು. ಒಮ್ಮೆ ಯಾವುದೋ ಕೆಲಸಕ್ಕೆ ಹೋಗಿದ್ದ ಅಪ್ಪನಿಗೆ ಸಾವುಕಾರರು, "ಮಾಸ್ತರ, ಇದನ್ನಷ್ಟು ಬಾರಿಸಿ ತೋರಸ್ರಿ" ಎಂದರು. ಅಪ್ಪ ಕೂತ. ಕೆಳಗೆ ನೋಡಿದ. ಕಾಲಿಗೆ ಹಲಗೆಗಳಿವೆ, ಪುಟ್ಟವು, ಹಿತ್ತಾಳೆಯವು. ಪೇಟಿ ದೊಡ್ಡದು, ಹಲಗೆ ಸಣ್ಣದು, ಗಾಳಿ ತುಂಬಲು ವೇಳೆ ಹಿಡಿಯುತ್ತದೆಂದು ಅಂದಾಜು ಮಾಡಿ ತುಳಿಯತೊಡಗಿದ. ಸಾವುಕಾರರು ಕಾದರು. ಮನೆಯ ಹೆಣ್ಣುಮಕ್ಕಳು ಬಂದು ಬಾಗಿಲಲ್ಲಿ ನಿಂತರು.

"ಯಾಕ ಮಾಸ್ತರ?"

"ತಡೀರಿ ಸಾವುಕಾರ್ರ, ಗಾಳಿ ತುಂಬ್ಲಿ."

ಚಹಾ ಬಂತು. ಅಪ್ಪ ತುಳಿಯುತ್ತಲೇ ಚಹಾ ಕುಡಿದ. ಬೆವರು ಒರೆಸಿಕೊಂಡು ಸ್ವರದ ಪಟ್ಟಿ ಒತ್ತಿದಾಗ ಗುಡಿಯ ಗಂಟೆಯಂತೆ ನಾದ ಹೊರಟಿತು. ತಾನು ತುಂಬಿದ ಗಾಳಿಯೇ ನುಡಿಯಿತೆಂದು ಅಪ್ಪ ಹಿಗ್ಗಿದ. ಆದರೆ ಬೆರಳು ತೆಗೆಯದಿದ್ದರೂ ನಾದ ಕರಗಿಹೋಯಿತು. ಇನ್ನಷ್ಟು ತುಳಿದ, ಇನ್ನಷ್ಟು ಬಾರಿಸಿದ. ಪ್ರತಿಯೊಂದು ಸ್ವರವೂ ಹುಟ್ಟಿ ಹೋಗುತ್ತಿತ್ತು. ಮನೆಗೆ ಬಂದು ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದ: "ಅಂಥಾ ಪೇಟಿ ನಾ ಕಂಡಿಲ್ಲ. ರಾಜಾನಂಥಾ ಪೇಟಿ. ಏನ ಮಾಡೂದು, ತಿದಿ ಸೋರತೈತಿ." ಆ ತಿದಿಗೆ ಚರ್ಮದ ತೇಪೆ ಹಚ್ಚುವವರು ಸಿಕ್ಕಿದ್ದರೆ ಎಂದು ಬಹಳ ವರ್ಷ ಹಳಹಳಿಸಿದ. ನಾವೂ ಹಳಹಳಿಸಿದೆವು.

ಮುಂದೆ ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಮನೆಗಳನ್ನು ಅಳೆಯಲು ನನ್ನನ್ನೂ ಹಾಕಿದ್ದರು. ಆ ಸಾವುಕಾರರ ಮನೆಗೂ ಹೋದೆ. ಅಷ್ಟು ಹೊತ್ತಿಗೆ ಬಾಗಿಲು, ಕಂಬ, ತೊಲೆ ಎಲ್ಲ ಕಳಚಿ ನವನಗರದ ಹೊಸ ಮನೆಗೆ ಒಯ್ದಾಗಿತ್ತು. ಪಿಯಾನೊ ಎಲ್ಲಿ ಹೋಯಿತೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಂಚವಾಯಿತೆಂದು ಒಬ್ಬರು, ಮುಂಬೈಗೆ ಹೋಯಿತೆಂದು ಇನ್ನೊಬ್ಬರು. ಪಡಸಾಲೆಯ ಗಚ್ಚಿನ ನೆಲದಲ್ಲಿ ಮೂರು ತಗ್ಗುಗಳಿದ್ದವು, ಮೂರು ಕಾಲು ಊರಿದ ಗುರುತು. ನಾನು ಒಂದರಿಂದ ಒಂದಕ್ಕೆ ಟೇಪು ಹಿಡಿದು ಅಳೆದೆ. ಎಲ್ಲಿ ಬರೆಯುವುದು? ನಮ್ಮ ಫಾರಮ್ಮಿನಲ್ಲಿ ಕಿಟಕಿಗೆ ಜಾಗವಿತ್ತು, ಬಾಗಿಲಿಗಿತ್ತು, ಬಚ್ಚಲಿಗೂ ಇತ್ತು. ನನ್ನ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಸಂಜೆ ಕೈತೊಳೆದಾಗ ಹೋಯಿತು.

ನಿಂತ ಪಿಯಾನೊ ಸಿಕ್ಕಿದ್ದು ಬಾದಾಮಿಯಲ್ಲಿ. ಗವಿ ನೋಡಲು ಬರುವ ವಿದೇಶಿಯರು ಬಾರಿಸಲಿ ಎಂದು ಒಂದು ವಸತಿಗೃಹದ ಮಾಲಕರು ಎಂದೋ ಗೋವಾದಿಂದ ತರಿಸಿಟ್ಟದ್ದು. ಅಲ್ಲಿಯ ಅಡುಗೆಯ ಹನಮಂತ ನನಗೆ ಪರಿಚಯ. ಅಕ್ಕನಿಗೆ ಬನಶಂಕರಿ ದರ್ಶನದ ನೆಪ ಹೇಳಿ ಅವಳ ಮಗನ ಕಾರಿನಲ್ಲಿ ಕರೆದುಕೊಂಡು ಹೋದೆ. ಗೋಡೆಗೆ ಒರಗಿಸಿಟ್ಟ ದೊಡ್ಡ ಕಪಾಟಿನಂತಿತ್ತು. ಮೇಲೆ ಊಟದ ಕೈವಸ್ತ್ರಗಳು ಒಣಗುತ್ತಿದ್ದವು. ನಮ್ಮ ಕಡೆ ಪಿಯಾನೊ ಎಲ್ಲಿದ್ದರೂ ಅದರ ಮೇಲೆ ಏನಾದರೊಂದು ಒಣಗಲೇಬೇಕು ಎಂದು ಕಾಣುತ್ತದೆ.

"ಯಾರರ ಬಾರಸ್ತಾರೇನ್ರಿ?" ಎಂದೆ.

"ಮಂಗ್ಯಾಗೋಳು ಬಾರಸ್ತಾವ್ರಿ. ಕಿಡಕಿ ತೆಗದಿದ್ರ ಸಾಕು, ಸಾಲ್ಹಿಡದು ಬರ್ತಾವು. ಮನಷ್ಯಾರು ಕಡಿಮಿ" ಎಂದ ಹನಮಂತ. ಕೈವಸ್ತ್ರ ತೆಗೆದು, ಕುರ್ಚಿ ಎಳೆದು, "ಕುಂದರ್ರಿ ಅವ್ವಾರ" ಎಂದ.

ಅಕ್ಕ ಕೂತಳು. ನನ್ನ ಕಡೆ ಒಮ್ಮೆ ನೋಡಿದಳು. ಬನಶಂಕರಿಯ ನೆಪ ಅವಳಿಗೆ ಆಗಲೇ ತಿಳಿಯಿತು. ಅವಳ ಶ್ರುತಿ ಕರಿ ನಾಲ್ಕು, ಅಂದರೆ ಕಪ್ಪು ಪಟ್ಟಿಗಳಲ್ಲಿ ನಾಲ್ಕನೆಯದು. ಊರಿಗೆ ಬಂದವರು ತಮ್ಮ ಮನೆ ಹುಡುಕುವ ಹಾಗೆ ಮೊದಲು ಅದನ್ನು ಹುಡುಕಿದಳು. "ಇದರಾಗ ಏಳು ಕರಿ ನಾಕು ಅದಾವಲ್ಲೋ" ಎಂದು ಬೆರಗಾದಳು. ನಡುವಿನದನ್ನು ಒತ್ತಿದಳು. ನಾದ ತುಂಬಿ ಬಂತು. ಬೆರಳು ಎತ್ತದೆ ಕಾದಳು. ನಾದ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಹೊರಗೆ ಮಂಗ ಜಿಗಿದ ಸಪ್ಪಳದಲ್ಲಿ ಎಲ್ಲಿಯೋ ಹೋಯಿತು.

"ಬೆರಳು ಇಲ್ಲೇ ಐತಿ. ಸ್ವರ ಹೋತು." ಇನ್ನೊಮ್ಮೆ ಒತ್ತಿ ನೋಡಿ ಹೇಳಿದಳು, "ಅಪ್ಪ ಹೇಳಿದ್ದು ಖರೆ, ತಮ್ಮಾ. ತಿದಿ ಸೋರತೈತಿ."

ಆದರೂ ಎದ್ದಳೇನು? ಏಳಲಿಲ್ಲ. ಎರಡೂ ಕೈ ಇಟ್ಟು ಅಪ್ಪನ ಕಾಲದ ಒಂದು ಹಾಡು ಶುರು ಮಾಡಿದಳು. ಕೆಲವು ಪಟ್ಟಿ ನುಡಿಯಲಿಲ್ಲ, ಕೆಲವು ಕುಳಿತಲ್ಲೇ ಕುಳಿತವು. ಹಲ್ಲು ಬಿದ್ದ ಬಾಯಿಯಿಂದ ಹಾಡು ಬಂದ ಹಾಗೆ ಬಂತು. ಎಷ್ಟು ವರ್ಷವಾಗಿತ್ತು ಅವಳ ಎರಡು ಕೈಯನ್ನು ಒಟ್ಟಿಗೆ ಕೇಳಿ. ನಾನು ಮೋರೆ ತಿರುಗಿಸಿ ಸುಮ್ಮಸುಮ್ಮನೆ ಪಿಯಾನೊದ ಬೆನ್ನು ಅಳೆಯುತ್ತ ನಿಂತೆ.

ತಿರುಗಿ ಬರುವಾಗ ಚೊಳಚಗುಡ್ಡದ ಹತ್ತಿರ ಅವಳೇ ಮಾತು ತೆಗೆದಳು. "ಅದು ಅಲ್ಲೇ ಇರ್ಲಿ. ಮಂಗ್ಯಾಗೋಳರ ಬಾರಸ್ಲಿ." ಆದರೆ ಮಡಿಲಲ್ಲಿ ಅವಳ ಬೆರಳುಗಳು ಇನ್ನೂ ಸುಮ್ಮನಾಗಿರಲಿಲ್ಲ. ಅವಳ ಮನೆ ಮುಟ್ಟಿದ ಮೇಲೆ ನಾನು ಬಾಗಿಲು ಅಳೆದೆ. ನಿಂತ ಪಿಯಾನೊ ಬಾಗಿಲನ್ನೇನೋ ದಾಟುತ್ತಿತ್ತು, ದಾಟಿದ ಕೂಡಲೇ ಮಗ್ಗದ ಕುಣಿ. ತಿರುಗಿಸಿದರೆ ಕುಣಿಗೇ ಬೀಳಬೇಕು. ಸೊಸೆ ಎಲ್ಲವನ್ನೂ ನೋಡುತ್ತಿದ್ದು, "ಮಾಮಾರ, ಪಿಯಾನೊ ತರ್ತೀರೋ, ಮನಿ ಜಪ್ತಿ ಮಾಡ್ತೀರೋ?" ಎಂದಳು.

ಹೀಗೆ ವೇಷ ಹಾಕಿದ್ದರ ಸರದಿ ಬಂತು. ಬಾಗಲಕೋಟೆಯ ಅಂಗಡಿಯಲ್ಲಿ ಅದನ್ನು ತೋರಿಸಿದ ತರುಣ ಬಹಳ ಸಮಾಧಾನದವನು. ಪಿಯಾನೊ ತೆಳ್ಳಗೆ, ಇಬ್ಬರು ಎತ್ತಬಹುದಾದಷ್ಟು ಹಗುರ. ಪಟ್ಟಿಗಳಿಗೆ ಮಾತ್ರ ಖರೆ ಪಿಯಾನೊದಷ್ಟೇ ಭಾರ ಇಟ್ಟಿದ್ದರು. ಒಂದು ಗುಂಡಿ ಒತ್ತಿದರೆ ಮಲಗಿದ ಪಿಯಾನೊದ ದನಿ, ಇನ್ನೊಂದು ಒತ್ತಿದರೆ ನಿಂತದ್ದರ ದನಿ. ನಮ್ಮ ಹಳ್ಳಿಯ ನಾಟಕದಲ್ಲಿ ಒಬ್ಬನೇ ಮನುಷ್ಯ ದ್ವಾರಪಾಲಕನೂ ಮಂತ್ರಿಯೂ ಆದ ಹಾಗೆ. ಕೆಳಗೆ ಒಂದು ಹಲಗೆಯೂ ಇತ್ತು.

"ಇದು ಗಾಳಿಗೆ?" ಎಂದೆ.

"ಯಾವ ಗಾಳಿರಿ ಸರ್?"

"ಕಾಲಿಂದ ತುಳದು ತುಂಬೂದು."

ಅವನು ನಗಲಿಲ್ಲ. ಅದಕ್ಕೆ ಅವನ ತಾಯಿ ತಂದೆ ತಣ್ಣಗಿರಲಿ. "ಪಿಯಾನೊದಾಗ ಗಾಳಿನ ಇರಂಗಿಲ್ರಿ ಸರ್. ತಂತಿ ಇರ್ತಾವು. ಪಟ್ಟಿ ಒತ್ತಿದ್ರ ಸಣ್ಣ ಸುತಗಿ ಬಂದು ತಂತಿಗೆ ಬಡಿತೈತಿ, ಆ ದನಿ ತಾನ ಸಾವಕಾಶ ಹೋಗತೈತಿ. ಈ ಹಲಗಿ ಒತ್ತಿ ಹಿಡದ್ರ, ಬೆರಳು ಎತ್ತಿದ ಮ್ಯಾಲೂ ಒಂದೀಟು ಹೊತ್ತು ಉಳಿತೈತಿ. ಇದು ಅದನ್ನೆಲ್ಲಾ ನಕಲ ಮಾಡತೈತ್ರಿ."

ನನಗೆ ಅಂಗಡಿಯೇ ಕಾಣಲಿಲ್ಲ. ಸಾವುಕಾರರ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ಬೆವರುತ್ತ, ಇಲ್ಲದ ತಿದಿಗೆ ಗಾಳಿ ತುಂಬುತ್ತಿದ್ದ ಅಪ್ಪ ಕಂಡ. ಸೋರಲು ಅಲ್ಲಿ ತಿದಿಯೇ ಇರಲಿಲ್ಲ. ಅಪ್ಪ ಅದನ್ನು ತಿಳಿಯದೆ ಹೋದ. ಅಕ್ಕನಿಗೆ ಹೇಳಲೇ? ಬೇಡವೆನ್ನಿಸಿತು. ಎಷ್ಟೋ ವರ್ಷ ಮೂವರು ಸೇರಿ ಹಳಹಳಿಸಿದ ತಿದಿ ಅದು. ಈಗ ಕಿತ್ತು ತೆಗೆಯುವುದು ಯಾಕೆ.

ಹೊರಡುವಾಗ ತರುಣ ಇನ್ನೊಂದು ಗುಂಡಿ ಒತ್ತಿ ತೋರಿಸಿದ. ಕಾಲ್ಪೇಟಿಯಂಥದೇ ದನಿ. ಬೆರಳು ಒತ್ತಿರುವವರೆಗೂ ಸ್ವರ ನಿಲ್ಲುತ್ತದೆ, ಸೊರಗುವುದಿಲ್ಲ, ಕರಗುವುದಿಲ್ಲ. ಅಕ್ಕ ಕಳೆದುಕೊಂಡದ್ದೇ ಸಿಕ್ಕಿತೆಂದು ಅಲ್ಲೇ ರೊಕ್ಕ ಎಣಿಸಿ ಕೊಟ್ಟೆ. ಗೆದ್ದಲಿಗೆ ಕೊಟ್ಟದ್ದನ್ನು ತಿರುಗಿ ತಂದೆನೆಂಬ ಹುರುಪಿನಲ್ಲಿ ಅದನ್ನು ಇಳಕಲ್ಲಿಗೆ ಒಯ್ದೆ.

ಅಡುಗೆಮನೆಯ ಅದೇ ಮೇಜಿನ ಜಾಗದಲ್ಲಿ ಅದನ್ನು ನಿಲ್ಲಿಸಿದೆವು. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕೂತಳು. ನಾನು ಆ ಗುಂಡಿ ಒತ್ತಿದೆ. ಬಾರಿಸಿದಳು. ಅದೇ ದನಿ, ಅದೇ ಹಾಡು, ಒಂದು ಸ್ವರ ತಪ್ಪಲಿಲ್ಲ. ಸೊಸೆ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದು ನಿಂತಳು. ಆದರೆ ಅಕ್ಕನ ಮುಖ ಅರಳಲಿಲ್ಲ. ಅರ್ಧದಲ್ಲಿ ನಿಲ್ಲಿಸಿದಳು.

"ಯಾಕಬೇ? ಈಗರ ಸ್ವರ ನಿಲ್ಲತೈತಲ್ಲ?"

"ನಿಲ್ಲತೈತಿ. ನಿಂತ ಬಿಡತೈತಿ." ಅವಳು ಒಂದು ಪಟ್ಟಿಯ ಮೇಲೆ ಬೆರಳಿಟ್ಟು ಹಾಗೇ ಒತ್ತಿ ಹಿಡಿದಳು. ಸ್ವರ ಒಂದೇ ಸಮ ಹೊರಡುತ್ತಲೇ ಇತ್ತು. "ನೋಡು, ಇದು ಉಸರ ತಗೊಳ್ಳಂಗಿಲ್ಲ. ನೀ ಕೆಳಗ ಕುಂತಾಗ ಹಿಂಗಿರಲಿಲ್ಲ. ನಿನ್ನ ಕೈ ಸೋತಾಗ ಗೊತ್ತಾಗತಿತ್ತು, ನಾ ಸಣ್ಣ ಮಾಡಿ ಬಾರಸ್ತಿದ್ದೆ. ನಿನಗ ಓಣ್ಯಾಗ ಗೋಲಿ ಸಪ್ಪಳ ಕೇಳಿದಾಗೂ ಗೊತ್ತಾಗತಿತ್ತು."

ನಾನು ತಲೆ ತಗ್ಗಿಸಿದೆ.

"ಇದರ ಕೆಳಗ ಯಾರೂ ಇಲ್ಲ ಅನಸ್ತೈತಿ, ತಮ್ಮಾ. ಆ ಸಾಯೂ ಸ್ವರಾನ ಇಡು."

ಪಿಯಾನೊದ ದನಿಗೆ ಬದಲಿಸಿದೆ. ಕರಿ ನಾಲ್ಕು ಒತ್ತಿದಳು. ಬಾದಾಮಿಯಲ್ಲಿ ಕೇಳಿದ ಹಾಗೇ ನಾದ ತುಂಬಿ ಬಂದು ಹೋಗುತ್ತಿತ್ತು. ಕಿವಿ ಅದರ ಹಿಂದೆಯೇ ಹೋಯಿತು. ನಾನು ಅಂಗಡಿಯ ತರುಣ ಹೇಳಿದ್ದನ್ನು ನೆನೆದು, "ಕೆಳಗ ಒಂದು ಹಲಗಿ ಐತಿ. ಅದನ್ನ ಒತ್ತಿದ್ರ ಒಂದೀಟು ಉಳಿತೈತಂತ" ಎಂದೆ. ಅವಳು ಕಾಲು ಮುಂದೆ ಚಾಚಲು ನೋಡಿದಳು. ಮೊಣಕಾಲು ಒಪ್ಪಲಿಲ್ಲ. ಇಬ್ಬರೂ ಆ ಹಲಗೆಯನ್ನು ನೋಡಿದೆವು. ಆಮೇಲೆ ಅವಳು ನನ್ನನ್ನು ನೋಡಿದಳು.

"ಕುಂದ್ರು" ಎಂದಳು.

ಅರವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ ಪಿಯಾನೊದ ಕೆಳಗೆ ಇಳಿಯುವುದು ನೋಡುವಂಥ ಚೆಂದದ್ದೇನಲ್ಲ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು. ಮೊದಲು ತಲೆ ಬಡಿಯಿತು, ಆಮೇಲೆ ಸೊಂಟ ಕಟಕ್ಕೆಂದಿತು. ಅಂತೂ ಕೂತೆ. ಚರ್ಮದ ವಾಸನೆ ಇರಲಿಲ್ಲ. ಕಾಲ್ಗೆಜ್ಜೆ ಇರಲಿಲ್ಲ. ಬಾತ ಮೊಣಕಾಲುಗಳಿದ್ದವು, ಸೀರೆಯ ಅಂಚು ಇತ್ತು. ಮೇಲೆ ಹಾಡು ಶುರುವಾಯಿತು. ನನ್ನ ಕೈ ತನ್ನ ಪಾಡಿಗೆ ತಾನು ಹಲಗೆಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡತೊಡಗಿತು.

"ಊದಬ್ಯಾಡಲೇ" ಎಂದಳು ಮೇಲಿನಿಂದ. "ನೀ ಬಿಟ್ಟಾಗೊಮ್ಮಿ ಸ್ವರ ಕಡೀತೈತಿ. ಒತ್ತಿ ಹಿಡಿ."

ಹಿಡಿದೆ. ಅಪ್ಪನಿಗೂ ಯಾರಾದರೂ ಇಷ್ಟು ಹೇಳಿದ್ದರೆ. ಹಾಡು ನಡೆಯಿತು. ಅಂಗೈಯಲ್ಲಿ ಉಸಿರಿನ ಸೆಳೆತವಿಲ್ಲ, ಎಮ್ಮೆಯ ನಿಟ್ಟುಸಿರಿಲ್ಲ. ಒತ್ತಿ ಹಿಡಿದು ಸುಮ್ಮನೆ ಕೂರುವ ಕೆಲಸ. ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಕೈ ಹಿಡಿಯುತ್ತಿತ್ತು. ಕೊನೆಯ ಸ್ವರ ಬಂತು. ಅಕ್ಕನ ಕೈ ಪಟ್ಟಿಯಿಂದ ಎದ್ದಿತು. ಸ್ವರ ಇನ್ನೂ ಇತ್ತು. ಸಣ್ಣದಾಗುತ್ತ ಹೋಯಿತು. ಇದೆಯೋ ಹೋಯಿತೋ ತಿಳಿಯದಂತಾದರೂ ನಾನು ಕೈ ತೆಗೆಯಲಿಲ್ಲ.

ಹೊರಗೆ ಓಣಿಯಲ್ಲಿ ಹುಡುಗರು ಏನೋ ಆಡುತ್ತಿದ್ದರು.

"ದಣದ್ಯೇನೋ?" ಎಂದು ಕೇಳಿದಳು ಅಕ್ಕ.

"ಇಲ್ಲಬೇ" ಎಂದೆ. "ನೀ ಬಾರಸು."